ಟಿಕೆಟ್ಟಕ್ಕ ನೋಡದ ಮೊದಲ ರೀಲು

ಕ್ಯಾಸೆಟ್ಟಣ್ಣ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಮದುವೆಯೋ, ಶಾಲೆಯ ವಾರ್ಷಿಕೋತ್ಸವವೋ, ಯಾರೋ ಗುಮಾಸ್ತರ ಬೀಳ್ಕೊಡುಗೆಯೋ, ಹೆಗಲಿಗೆ ಕ್ಯಾಮೆರಾ ಏರಿಸಿಕೊಂಡು ಹೋಗಿ ಬರುವುದು ಅವನ ಕಸುಬು. ವಿಡಿಯೋ ಕ್ಯಾಸೆಟ್ಟಿನ ಕಾಲ ಹೋಗಿ ಸೀಡಿ ಬಂತು, ಸೀಡಿ ಹೋಗಿ ಪೆನ್‌ಡ್ರೈವ್ ಬಂತು, ಈಗ ಅದೂ ಬೇಡ, ಫೋನಿಗೇ ಕಳಿಸಿ ಅನ್ನುತ್ತಾರೆ. ಕಾಲ ಎಷ್ಟು ಬದಲಾದರೂ ಜನ ಇಟ್ಟ ಹೆಸರು ಮಾತ್ರ ಬದಲಾಗಲಿಲ್ಲ. ಅವನ ಹೆಂಡತಿ ಟಿಕೆಟ್ಟಕ್ಕ. ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂತೂ ಕೂತೂ ಅವಳಿಗೆ ಅಂಟಿಕೊಂಡ ಹೆಸರು ಅದು. ಇಬ್ಬರೂ ಮದುವೆಯಾದಾಗ ಟಾಕೀಸಿನಲ್ಲಿ ಸಿನಿಮಾ ಓಡಿಸುತ್ತಿದ್ದ ಆಪರೇಟರ್, "ಕ್ಯಾಸೆಟ್ಟಿಗೂ ಟಿಕೆಟ್ಟಿಗೂ ಗಂಟು ಬಿತ್ತು, ಇನ್ನು ಹುಟ್ಟೋದೇನು, ಇಂಟರ್ವಲ್ಲಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಹುಟ್ಟಿದ್ದು ಮಗಳು. ಈಗ ದೊಡ್ಡವಳಾಗಿ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ.

ಟಿಕೆಟ್ಟಕ್ಕನಿಗೆ ಒಂದು ಕೊರಗಿತ್ತು. ಹೊರಗಿನವರಿಗೆ ನಗು ಬರುವಂಥ ಕೊರಗು. ಟಾಕೀಸಿನೊಳಗೇ ಅರ್ಧ ಆಯುಷ್ಯ ಕಳೆದರೂ ಅವಳು ಒಂದೇ ಒಂದು ಸಿನಿಮಾವನ್ನೂ ಮೊದಲಿನಿಂದ ನೋಡಿರಲಿಲ್ಲ. ಶೋ ಶುರುವಾದ ಮೇಲೂ ಓಡೋಡಿ ಬರುವವರು ಇದ್ದೇ ಇರುತ್ತಾರಲ್ಲ, ಅವರಿಗೆಲ್ಲ ಟಿಕೆಟ್ ಹರಿದು ಕೊಟ್ಟು, ಕಿಂಡಿ ಮುಚ್ಚಿ, ಮ್ಯಾನೇಜರಿಗೆ ಬೀಗದ ಕೈ ಒಪ್ಪಿಸಿ ಒಳಗೆ ಹೋಗುವಷ್ಟರಲ್ಲಿ ಮೊದಲ ರೀಲು ಮುಗಿದಿರುತ್ತಿತ್ತು. "ಹೀರೋ ಯಾಕೆ ಅಳ್ತಿದಾನೆ ಅಂತ ನಂಗೆ ಯಾವತ್ತೂ ಗೊತ್ತಾಗ್ಲಿಲ್ಲ ಕಣ್ರೀ. ಅವನು ಅಳ್ತಿದಾನಲ್ಲಾ ಅಂತ ನಾನೂ ಅತ್ಬಿಡ್ತಿದ್ದೆ," ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ರಜೆಯ ದಿನ ಹೋಗಿ ನೋಡಬಹುದಿತ್ತಲ್ಲ ಎಂದು ಕೇಳಬೇಡಿ. ರಜೆಯ ದಿನ ಮನೆಯ ಬಟ್ಟೆ ಒಗೆಯುವುದಕ್ಕೆ ನಿಮ್ಮಜ್ಜಿ ಬರುತ್ತಿದ್ದರೇ?

ಕೊನೆಗೊಂದು ದಿನ ಟಾಕೀಸನ್ನು ಮುಚ್ಚುತ್ತಾರೆಂಬ ಸುದ್ದಿ ಬಂತು. ಕೆಡವಿ ಅಂಗಡಿ ಸಾಲು ಕಟ್ಟುತ್ತಾರಂತೆ. ಕ್ಯಾಸೆಟ್ಟಣ್ಣನಿಗೆ ಅವತ್ತು ಏನು ಹೊಳೆಯಿತೋ, ಮ್ಯಾನೇಜರನ ಕೈ ಕಾಲು ಹಿಡಿದು, ಖಾಲಿ ಟಾಕೀಸಿನಲ್ಲಿ ಹೆಂಡತಿಯನ್ನೇ ನಾಯಕಿ ಮಾಡಿ ಒಂದು ಪುಟ್ಟ ಸಿನಿಮಾ ತೆಗೆದ. ಕತೆ ಇಷ್ಟೇ: ಟಿಕೆಟ್ ಕೊಡುವ ಹೆಂಗಸೊಬ್ಬಳು ಒಂದು ದಿನ, ತಡವಾಗಿ ಬಂದವನು ಎಷ್ಟು ಬಡಿದುಕೊಂಡರೂ ಕೇಳದೆ ಕಿಂಡಿ ಮುಚ್ಚಿ, ಎದ್ದು ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಗಂಟೆ ಹೊಡೆಯುತ್ತದೆ, ದೀಪ ಆರುತ್ತದೆ, ತೆರೆ ಸರಿಯುತ್ತದೆ. ತಡವಾಗಿ ಬಂದವನ ಪಾತ್ರ ಆಪರೇಟರನದು. ಟಿಕೆಟ್ಟಕ್ಕ ದಿನಾ ಹಾಕಿಕೊಳ್ಳುತ್ತಿದ್ದ ನೀಲಿ ಸ್ವೆಟರನ್ನೇ ಹಾಕಿಕೊಂಡಿದ್ದಳು. ಕ್ಯಾಮೆರಾ ಅದೇ, ಮದುವೆ ಮನೆಯ ಕ್ಯಾಮೆರಾ.

ಎಡವಟ್ಟು ಆದದ್ದು ಇಲ್ಲಿ. ಮನೆಗೆ ಬಂದವನೇ ಒಂದು ತುಣುಕನ್ನು ಅವಳಿಗೆ ತೋರಿಸಿದ. ಕಿಂಡಿಯ ಹಿಂದೆ ಅವಳು ಸುಮ್ಮನೆ ಕೂತಿರುವ ತುಣುಕು. ಅವಳು ಕಣ್ಣರಳಿಸಿ ನೋಡಿ ಕಿಸಕ್ಕನೆ ನಕ್ಕಳು. "ಅಯ್ಯೋ, ಇದೇನ್ರೀ! ಮದುವೆ ಮನೇಲಿ ನೀರು ಕೊಡೋಕೆ ನಿಂತಿರೋಳ ಹಂಗೆ ಕಾಣ್ತೀನಿ! ಇದು ವಿಡಿಯೋ ಕಣ್ರೀ, ಸಿನಿಮಾ ಅಲ್ಲ."

ತಮಾಷೆಗೆ ಅಂದ ಮಾತು. ಅಂದು ಐದು ನಿಮಿಷಕ್ಕೆ ಅವಳೇ ಮರೆತಳು. ಅವನಿಗೆ ಮಾತ್ರ ಅದು ಮುಳ್ಳು ಮುರಿದು ಒಳಗೇ ಉಳಿದ ಹಾಗಾಯಿತು. ಪಟ್ಟನೆ ಕಂಪ್ಯೂಟರ್ ಮುಚ್ಚಿ, "ಸಿನಿಮಾ ಆದ್ಮೇಲೇ ನೋಡೋವಂತೆ. ಅಲ್ಲಿವರೆಗೆ ಒಂದು ಚೂರೂ ಇಲ್ಲ," ಎಂದ. ಅವನ ಕಸುಬಿನಲ್ಲಿ ಇದು ಮೊದಲಿನಿಂದ ಬಂದ ಶಿಸ್ತು. ಅರ್ಧ ಮಾಡಿದ್ದನ್ನು ಗಿರಾಕಿಗೆ ತೋರಿಸಬಾರದು, ತೋರಿಸಿದರೆ ಅವರು ಅದೇ ಕೆಲಸ ಅಂದುಕೊಳ್ಳುತ್ತಾರೆ. ಅಂಗಡಿಯ ಶಿಸ್ತನ್ನು ಹೆಂಡತಿಗೂ ಹಚ್ಚಿದ, ಪುಣ್ಯಾತ್ಮ.

ಮುಂದೆ ಸ್ವಲ್ಪ ದಿನಕ್ಕೆ ಅವಳು ಮೆಟ್ಟಿಲಲ್ಲಿ ಎಡವಿ ಬಿದ್ದಳು. ಪಕ್ಕದಲ್ಲಿ ಬಂದ ಸೈಕಲ್ಲು ಕಾಣದೆ ಇನ್ನೊಮ್ಮೆ ಬಿದ್ದಳು. ಕಣ್ಣಿನ ಡಾಕ್ಟರು ನೋಡಿ ಗ್ಲಾಕೋಮಾ ಅಂದರು. "ನೋಟ ಅಂಚಿನಿಂದ ಒಳಕ್ಕೆ ಕುಗ್ತಾ ಬರುತ್ತೆ. ಬಹಳ ತಡವಾಗಿ ಬಂದಿದೀರ. ಹೋಗಿದ್ದು ವಾಪಸ್ ಬರಲ್ಲ. ಡ್ರಾಪ್ಸ್ ಹಾಕ್ತಾ ಇರಿ, ಇರೋದನ್ನ ಎಷ್ಟು ದಿನ ಉಳಿಸ್ಕೊಳ್ಳೋಕೆ ಆಗುತ್ತೋ ನೋಡೋಣ," ಎಂದು ಅಳೆದೂ ಸುರಿದೂ ಹೇಳಿದರು. ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಮನೆ ಹತ್ತಿರ ಬಂದಾಗ ಒಂದೇ ಮಾತು ಅಂದಳು: "ನನ್ನ ಸಿನಿಮಾ ಮಾತ್ರ ಮೊದಲಿಂದ ನೋಡ್ಬೇಕು ಕಣ್ರೀ. ಆಮೇಲೆ ಹೋದ್ರೆ ಹೋಗ್ಲಿ."

"ನೋಡೇ ನೋಡ್ತೀಯ ಕಣೇ. ನನ್ನಾಣೆ," ಎಂದ ಕ್ಯಾಸೆಟ್ಟಣ್ಣ.

ಅಲ್ಲಿಂದ ಶುರುವಾಯಿತು ನೋಡಿ ಸಾಫ್ಟ್‌ವೇರಿನ ಹುಚ್ಚು. ಇದು ವಿಡಿಯೋ, ಸಿನಿಮಾ ಅಲ್ಲ ಎಂದು ಅವಳಂದದ್ದರಲ್ಲಿ ಸುಳ್ಳಿರಲಿಲ್ಲ. ಅವನ ಕ್ಯಾಮೆರಾ ತೆಗೆದದ್ದು ಎಲ್ಲವೂ ಒಂದೇ ಸಮ ಚೂಪಾಗಿ, ತೊಳೆದಿಟ್ಟ ಸ್ಟೀಲ್ ಪಾತ್ರೆಯಂತೆ ಪಳಪಳ ಅನ್ನುತ್ತಿತ್ತು. ಫಿಲ್ಮಿನಲ್ಲಿ ಹಾಗಲ್ಲ. ಅಲ್ಲಿ ಬೆಳಕು ಮೆತ್ತಗೆ ಹರಡುತ್ತದೆ, ನೆರಳಿಗೂ ಒಂದು ಬಣ್ಣವಿರುತ್ತದೆ, ಖಾಲಿ ಗೋಡೆಯ ಮೇಲೂ ಸಣ್ಣ ಕಾಳುಕಾಳಾಗಿ ಏನೋ ಮಿಸುಕಾಡುತ್ತಿರುತ್ತದೆ. ವಿಡಿಯೋಗೆ ಆ ಕಳೆ ತುಂಬುವ ಸಾಫ್ಟ್‌ವೇರುಗಳು ಬೇಕಾದಷ್ಟಿವೆ. ಆರಿಸಿಕೊಳ್ಳುವುದೇ ಕಷ್ಟ. ಹಿತ್ತಲ ಕಡೆಯ ಕೋಣೆಯ ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೆಳಿಗ್ಗೆ ತಿಂಡಿ ಮುಗಿಸಿ ಒಳಗೆ ಹೊಕ್ಕರೆ ಊಟಕ್ಕೇ ಹೊರಗೆ ಬರುತ್ತಿದ್ದ. ಬಣ್ಣ ಸರಿಯಾಗಿ ಕಾಣಬೇಕಾದರೆ ಕೋಣೆ ಕತ್ತಲೆಯಿರಬೇಕು ಎಂಬುದು ಅವನ ವಾದ.

ಮೊದಲು ತಂದ ಸಾಫ್ಟ್‌ವೇರಿಗೆ ಅವನೇ ಇಟ್ಟ, ಮನೆಯವರ ಬಾಯಲ್ಲೂ ನಿಂತ ಹೆಸರು ಕಾಮಾಲೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗೆ ಏನು ಕೊಟ್ಟರೂ ಹಳದಿ ಮಾಡುತ್ತಿತ್ತು. ನೀಲಿ ಸ್ವೆಟರು ಕೊಳೆತ ಎಲೆಯ ಬಣ್ಣಕ್ಕೆ ತಿರುಗಿತು. ಎರಡನೆಯದಕ್ಕೆ ಮರಳು ಎಂದು ಹೆಸರಿಟ್ಟ. ಕಾಳುಕಾಳನ್ನು ಅದು ಸೊಗಸಾಗಿ ಹಾಕುತ್ತಿತ್ತು. ನಿಜ ಹೇಳಬೇಕೆಂದರೆ ಬಹಳ ಸೊಗಸಾಗಿಯೇ ಹಾಕುತ್ತಿತ್ತು. ಆಪರೇಟರ್ ಬಂದು ನೋಡಿ, "ಸಾಕು ಕಣಯ್ಯ, ಇನ್ನೇನು ಬೇಕು ನಿಂಗೆ? ಕರೆದು ತೋರ್ಸು," ಎಂದ.

"ಆ ಬಲ್ಬು ನೋಡು," ಎಂದ ಕ್ಯಾಸೆಟ್ಟಣ್ಣ.

ಕೌಂಟರಿನಲ್ಲಿ ಅವಳ ತಲೆಯ ಹಿಂದೆ ಒಂದು ಬಲ್ಬು ನೇತಾಡುತ್ತಿತ್ತು. ಫಿಲ್ಮಾಗಿದ್ದರೆ ಅದರ ಸುತ್ತ ಬೆಚ್ಚಗೆ ಬೆಳಕು ಹಬ್ಬುತ್ತಿತ್ತು. ಇವನ ವಿಡಿಯೋದಲ್ಲಿ ಆ ಜಾಗ ಸುಟ್ಟು ಬರೀ ಬಿಳಿಯಾಗಿತ್ತು, ಕಾಗದಕ್ಕೆ ತೂತು ಬಿದ್ದ ಹಾಗೆ. ಅಲ್ಲಿ ಚಿತ್ರವೇ ಇಲ್ಲ. ಇಲ್ಲದ್ದನ್ನು ಯಾವ ಸಾಫ್ಟ್‌ವೇರು ತಂದುಕೊಡುತ್ತದೆ? ಆದರೆ ಕೇಳುವವರಾರು. ಬಲ್ಬಿಗೋಸ್ಕರ ಮರಳನ್ನು ಬಿಟ್ಟ, ಮೂರನೆಯದನ್ನು ತಂದ.

ಅದು ಆಮೆ. ಬೆಳಿಗ್ಗೆ ಒಂದು ತುಣುಕು ಹಾಕಿದರೆ ಸಂಜೆಗೆ ಈಚೆ ಬರುತ್ತಿತ್ತು. ಚಿತ್ರದಲ್ಲಿ ಅವಳು ಕೈ ಎತ್ತಿದರೆ ಕೈ ತಡೆತಡೆದು ತೊದಲುತ್ತಿತ್ತು. ಇದರ ಜೊತೆಗೆ ಆ ಹಾಳು ಹಾರ್ಡ್ ಡಿಸ್ಕ್ ಬೇರೆ. ಶಬ್ದವೆಲ್ಲ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿತ್ತು, ಚಿತ್ರ ಮಾತ್ರ ಹೊರಗೆ, ವೈರಿನ ತುದಿಗೆ ನೇತುಬಿದ್ದ ಡಿಸ್ಕಿನಲ್ಲಿ. ವೈರು ಒಂದಿಷ್ಟು ಸಡಿಲವಾದರೆ ಸಾಕು, ಶಬ್ದ ಅದರ ಪಾಡಿಗೆ ಅದು ಓಡುತ್ತಿತ್ತು, ಚಿತ್ರದ ಜಾಗದಲ್ಲಿ ಎಡಿಟಿಂಗ್ ಪ್ರೋಗ್ರಾಮು ಇಡೀ ಪರದೆಗೆ ಕೆಂಪು ಬಳಿದು ಫೈಲು ಸಿಗುತ್ತಿಲ್ಲ ಎಂದು ಬರೆಯುತ್ತಿತ್ತು. "ಥೂ, ಮತ್ತೆ ಕೆಂಪು!" ಎಂದು ಕೋಣೆಯೊಳಗಿಂದ ಅವನು ಬೈಯುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ವೈರಿಗೆ ರಬ್ಬರ್ ಬ್ಯಾಂಡ್ ಬಿಗಿದು ಮುಂದುವರಿಸುತ್ತಿದ್ದ. ಹೊಸ ವೈರು ತರುವುದಕ್ಕೆ ಏನು ಬಂದಿತ್ತು ರೋಗ ಅಂದರೆ, ಆ ಧ್ಯಾಸವೇ ಅವನಿಗಿರಲಿಲ್ಲ.

ಅಡುಗೆಮನೆಯಲ್ಲಿ ಅಷ್ಟರಲ್ಲಿ ಬೇರೆಯೇ ನಡೆಯುತ್ತಿತ್ತು. ಟಿಕೆಟ್ಟಕ್ಕ ಲೋಟದೊಳಕ್ಕೆ ಬೆರಳಿಟ್ಟುಕೊಂಡು ಟೀ ಸುರಿಯತೊಡಗಿದಳು. ಕುರ್ಚಿಯನ್ನು ಯಾರಾದರೂ ಒಂದು ಗೇಣು ಸರಿಸಿದರೆ ಸಿಡಿಮಿಡಿಗೊಂಡಳು. "ಇಟ್ಟಿದ್ದು ಇಟ್ಟಲ್ಲಿ ಇರ್ಬೇಕು ಈ ಮನೇಲಿ, ಹೇಳಿದೀನಿ!" ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟಳು, ಗೋಡೆ ಸವರಿಕೊಂಡು ನಡೆದಳು, ಟೀವಿಯ ಮುಂದೆ ಕಿವಿಯನ್ನು ಮುಂದೆ ಮಾಡಿಕೊಂಡು ಕೂತಳು. ಕ್ಯಾಸೆಟ್ಟಣ್ಣನಿಗೆ ವಯಸ್ಸಾದ ಹೆಂಗಸಿನ ಗೊಣಗಾಟ ಅನ್ನಿಸಿತು. ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋಗುವುದು ಮಗಳ ಪಾಲಿಗೆ ಬಿದ್ದಿತ್ತು. ಬಂದ ಮೇಲೆ ಅವನು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ "ಏನಂದ್ರು?" ಅನ್ನುತ್ತಿದ್ದ. "ಹಂಗೇ ಇದೆಯಂತೆ," ಅನ್ನುತ್ತಿದ್ದಳು ಅವಳು, ಮಗಳು ಬಾಯಿ ತೆರೆಯುವ ಮೊದಲೇ. ಅವನು ಸಮಾಧಾನದಿಂದ ಹೆಡ್‌ಫೋನನ್ನು ಮತ್ತೆ ಸರಿಪಡಿಸಿಕೊಳ್ಳುತ್ತಿದ್ದ. ಬಲ್ಬಿನ ಸುತ್ತ ಕೂದಲೆಳೆಯಷ್ಟು ಬಣ್ಣ ಹೆಚ್ಚಾದರೆ ಹುಡುಕಿ ತೆಗೆಯುವ ಕಣ್ಣುಗಳು ಅವನವು. ದೀಪದ ಕೆಳಗೆ ಕತ್ತಲೆ ಅಂತ ಹಿರಿಯರು ಸುಮ್ಮನೆ ಅಂದರೇ?

ಮಗಳು ಒಂದು ಸಲ ಕೋಣೆಗೆ ನುಗ್ಗಿ ಬಾಗಿಲಿಗೆ ಒರಗಿ ನಿಂತಳು. "ಅಪ್ಪಾ, ಅದು ಹೆಂಗಿದೆಯೋ ಹಂಗೇ ಅಮ್ಮಂಗೆ ತೋರಿಸ್ಬಿಡು. ಇವತ್ತೇ."

"ಆಯ್ತು ಕಣಮ್ಮ, ಇನ್ನೇನು ಮುಗೀತು. ಬೇಯೋವರೆಗೆ ಕಾದೋರು ಆರೋವರೆಗೆ ಕಾಯಕ್ಕಾಗಲ್ವಾ?"

"ನಿಂದು ಯಾವತ್ತು ಆರುತ್ತಪ್ಪಾ?" ಇನ್ನೂ ಏನೋ ಹೇಳುವುದರಲ್ಲಿದ್ದಳು. ಹಜಾರದಿಂದ ಅಮ್ಮನ ದನಿ ಬಂತು: "ಏ, ಬಾರೇ ಈಚೆ. ಕೆಲಸ ಮಾಡೋರಿಗೆ ತೊಂದ್ರೆ ಕೊಡ್ಬೇಡ." ಮಗಳು ತುಟಿ ಕಚ್ಚಿಕೊಂಡು ಹೊರಟುಹೋದಳು. ಅಮ್ಮ ಅವಳಿಂದ ಮಾತು ತೆಗೆದುಕೊಂಡಿದ್ದಳು ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? ಬಾಗಿಲು ಮುಚ್ಚಿಕೊಂಡ.

ಕಡೆಗೂ ಅವನ ಮನಸ್ಸಿಗೆ ಒಪ್ಪಿದ್ದು ನಾಲ್ಕನೆಯದು. ಅದಕ್ಕೆ ಸಾಹೇಬ ಎಂದು ಹೆಸರಿಟ್ಟ. ಏಕೆಂದರೆ ಹೊಸ ಲ್ಯಾಪ್‌ಟಾಪು ತಂದಲ್ಲದೆ ಅದು ಒಳಗೆ ಕಾಲಿಡಲು ಒಪ್ಪಲಿಲ್ಲ. ಸಾಹೇಬನ ಕೆಲಸಕ್ಕೆ ಮಾತ್ರ ಎರಡು ಮಾತಿಲ್ಲ. ನೆರಳಿನಲ್ಲಿ ಕಂದು ಮಿಶ್ರಿತ ಹಸಿರು ಇಳಿಯಿತು, ಸ್ವೆಟರಿನ ನೀಲಿ ಆಳವಾಯಿತು, ಕಾಳು ತೆಳ್ಳಗೆ ಆಡಿತು. ಸುಟ್ಟ ಬಲ್ಬನ್ನು ಅದೂ ವಾಪಸು ತರಲಿಲ್ಲ, ಆದರೆ ಸುತ್ತ ಒಂದು ಮಂಕು ಕಿತ್ತಳೆ ಹಬ್ಬಿಸಿ ಆ ತೂತನ್ನು ಮುಚ್ಚಿತು. ಕಿಂಡಿಯ ಹಿಂದೆ ಕೂತವಳು ನೀರು ಕೊಡುವವಳಲ್ಲ, ನಾಯಕಿ. ಕ್ಯಾಸೆಟ್ಟಣ್ಣ ಕೋಣೆಯಲ್ಲಿ ಒಬ್ಬನೇ ಕೂತು ಕಣ್ಣೊರೆಸಿಕೊಂಡ.

ಭಾನುವಾರ ಮಧ್ಯಾಹ್ನ ತೋರಿಸುವುದೆಂದಾಯಿತು. ಮಗಳಿಗೆ ಅಂಗಡಿಯಲ್ಲಿ ಅರ್ಧ ದಿನದ ಕೆಲಸವಿತ್ತು, ಮುಗಿಸಿ ಬರುವವಳು. ಆಪರೇಟರನನ್ನು ಕರೆಯಲಿಲ್ಲ, ಮೊದಲ ಶೋ ಅವಳಿಗೊಬ್ಬಳಿಗೇ ಇರಲಿ ಎಂದು. ಎಲ್ಲವನ್ನೂ ಒಂದು ಫೈಲು ಮಾಡಿ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಮಾಡಿರಲಿಲ್ಲ. ಕೊನೆಯ ತುಣುಕಿನಲ್ಲಿ ಇನ್ನೊಂದು ಚೂರು ತಿದ್ದುವುದಿದೆ ಎಂಬ ಆಸೆ ಬಿಟ್ಟಿರಲಿಲ್ಲ. ಹಾಗಾಗಿ ಲ್ಯಾಪ್‌ಟಾಪು, ಡಿಸ್ಕು, ವೈರು ಸಮೇತ ಎಲ್ಲವನ್ನೂ ಹಜಾರಕ್ಕೆ ಹೊತ್ತು ತಂದು, ಸ್ಟೂಲಿನ ಮೇಲಿಟ್ಟು ಟೀವಿಗೆ ಸಿಕ್ಕಿಸಿದ. ಚಿತ್ರ ಬರುತ್ತದೆ ಎಂದು ಖಚಿತ ಮಾಡಿಕೊಂಡ. ಟಿಕೆಟ್ಟಕ್ಕ ನೀಲಿ ಸ್ವೆಟರ್ ಹಾಕಿಕೊಂಡು ಬಂದು, ಕೈಯಿಂದ ಕುರ್ಚಿಯ ಹಿಡಿ ತಡವಿ ಕೂತಳು. ತಲೆ ಬಾಚಿದ್ದಳು, ಬೈತಲೆ ಸ್ವಲ್ಪ ಓರೆಯಾಗಿತ್ತು.

"ಟಿಕೆಟ್ ಎಲ್ಲಮ್ಮಾ?" ಎಂದ ಅವನು.

"ಕೌಂಟರ್ ಮುಚ್ಚಿದೆ, ಹೋಗ್ರೀ!" ಎಂದಳು. ಇಬ್ಬರೂ ನಕ್ಕರು. ಆ ಮನೆಯಲ್ಲಿ ಹಾಗೆ ನಕ್ಕು ಬಹಳ ದಿನವಾಗಿತ್ತು.

ಅವನು ಕಿಟಕಿಯ ಪರದೆ ಎಳೆದು ಕತ್ತಲೆ ಮಾಡಲು ಹೋದ. ಬರುವಾಗ ಕಾಲು ಸ್ಟೂಲಿಗೆ ತಾಗಿತು. ಸಂಭ್ರಮದಲ್ಲಿದ್ದವನಿಗೆ ಅದು ಗಮನಕ್ಕೆ ಬರಲಿಲ್ಲ. ಮೌಸನ್ನು ಕೈಯಲ್ಲಿ ಹಿಡಿದು, ಟೀವಿಗೆ ಬೆನ್ನು ಹಾಕಿ, ಅವಳ ಕಡೆ ತಿರುಗಿ ಒತ್ತಿದ. ಇದು ಆಪರೇಟರ್ ಕಲಿಸಿದ್ದು. "ಹೊಸ ಸಿನಿಮಾ ಹೆಂಗಿದೆ ಅಂತ ಗೊತ್ತಾಗ್ಬೇಕಾದ್ರೆ ತೆರೆ ನೋಡ್ಬೇಡ, ಜನರ ಮುಖ ನೋಡು," ಅನ್ನುತ್ತಿದ್ದ ಅವನು. ಇಷ್ಟು ದಿನ ಕಾದದ್ದು ಆ ಒಂದು ಮುಖ ನೋಡುವುದಕ್ಕೆ.

ಟಿಕೆಟ್ ಹರಿಯುವ ಸದ್ದು ಬಂತು. ಅವನು ಸೇರಿಸಿದ್ದ ಜನರ ಗದ್ದಲ ಕೇಳಿಸಿತು. ಅವಳ ಮುಖ ಅರಳಿತು. "ಅಯ್ಯೋ!" ಎಂದಳು, ಎರಡೂ ಕೈ ಕೆನ್ನೆಗಿಟ್ಟುಕೊಂಡು. "ನಾನು ಕಿಂಡಿ ಹಿಂದೆ ಕೂತಿದೀನಿ... ಎಷ್ಟು ಚೆನ್ನಾಗಿದೆ ರೀ! ಈಗ ನೋಡಿ, ಥೇಟ್ ಸಿನಿಮಾ ತರಾನೇ ಇದೆ. ಆ ನೀಲಿ ನೋಡಿ, ಎಷ್ಟು ಚೆನ್ನಾಗಿ ಎದ್ದು ಕಾಣ್ತಿದೆ!"

ಅವನ ಎದೆ ತುಂಬಿ ಬಂತು. ಗೆದ್ದೆ ಅಂದುಕೊಂಡ. ಹಾಗೇ ನೋಡುತ್ತಾ ಇದ್ದವನಿಗೆ ಅವಳ ಮುಖದಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಹಣೆ ಕೆಂಪಾಗಿತ್ತು. ಕೆನ್ನೆ, ಕೈ, ಬಿಳಿ ಕೂದಲು, ಎಲ್ಲವೂ ಕೆಂಪು. ನನ್ನ ಸಿನಿಮಾದಲ್ಲಿ ಕೆಂಪು ಎಲ್ಲಿದೆ? ಇಲ್ಲವಲ್ಲ?

ತಿರುಗಿ ನೋಡಿದ. ಟೀವಿಯ ತುಂಬಾ ಬರೀ ಕೆಂಪು ಬಳಿದಿತ್ತು, ನಡುವೆ ಫೈಲು ಸಿಗುತ್ತಿಲ್ಲ ಎಂಬ ಒಂದು ಸಾಲು. ಮೊದಲಿನಿಂದಲೂ ಅದೇ.

"ಆಪರೇಟರಣ್ಣ ಬಂದ ನೋಡಿ," ಎಂದು ಅವಳು ನಗುತ್ತಿದ್ದಳು, ಟೀವಿಯಿಂದ ಆಪರೇಟರ್ ಬಡಿದುಕೊಳ್ಳುವ ದನಿ ಬರುತ್ತಿದ್ದಂತೆ. "ಮುಖ ನೋಡಿ ಅವನದ್ದು, ಹೆಂಗೆ ಮಾಡ್ಕೊಂಡಿದಾನೆ!"

ಕ್ಯಾಸೆಟ್ಟಣ್ಣ ಸ್ಟೂಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸಡಿಲವಾಗಿದ್ದ ವೈರನ್ನು ಒತ್ತಿ ಹಿಡಿದ. ಕೆಂಪು ಹೋಯಿತು. ಚಿತ್ರ ಬಂತು. ಕಿಂಡಿ ಮುಚ್ಚಿ ಎದ್ದು ಬರುತ್ತಿದ್ದ ನಾಯಕಿ, ಆಳವಾದ ನೀಲಿ, ಕಿತ್ತಳೆ ಬೆಳಕು, ಯಾವ ಟಾಕೀಸಿಗೂ ಕಡಿಮೆಯಿಲ್ಲದ ಸಿನಿಮಾ. ಕುರ್ಚಿಯಲ್ಲಿ ಕೂತವಳ ಮುಖದ ಮೇಲೆ ಕೆಂಪು ಆರಿ ನೀಲಿ ಬಿತ್ತು. ಅವಳ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಆಗಲೇ ಹೇಗೆ ನಗುತ್ತಿದ್ದಳೋ ಈಗಲೂ ಹಾಗೇ ನಗುತ್ತಿದ್ದಳು. ಅವಳ ಕಣ್ಣು ಟೀವಿಯ ಕಡೆಗೂ ಇರಲಿಲ್ಲ, ಅದರ ಪಕ್ಕದ ಖಾಲಿ ಗೋಡೆಯ ಮೇಲಿತ್ತು.

ಸಿನಿಮಾ ಮುಗಿಯಿತು. ಅವನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಕಟ್ಟೆ ಹಿಡಿದು ನಿಂತ. ಎಷ್ಟು ಹೊತ್ತು ನಿಂತನೋ, ಹಿಂಬಾಗಿಲಿನಿಂದ ಮಗಳು ಬಂದಳು. ಅಪ್ಪನ ಮುಖ ನೋಡಿದವಳೇ ಚೀಲವನ್ನು ಕೆಳಗಿಟ್ಟಳು.

"ಯಾವಾಗಿಂದ?" ಎಂದು ಮೆಲ್ಲಗೆ ಕೇಳಿದ.

ಅವಳಿಗೆ ಯಾವ ತಿಂಗಳು ಎಂದು ಹೇಳಲು ಬರಲಿಲ್ಲವೋ, ಅಪ್ಪನಿಗೆ ಅರ್ಥವಾಗುವ ಲೆಕ್ಕ ಇದೊಂದೇ ಅಂದುಕೊಂಡಳೋ. "ಆಮೆ ತಂದಿದ್ಯಲ್ಲಪ್ಪಾ, ಆಗ ಪೂರ್ತಿ ಹೋಯ್ತು. ಮರಳು ಇದ್ದಾಗ ಇನ್ನೂ ಕಾಣ್ತಿತ್ತು. ಹೇಳಿದ್ರೆ ನೀನು ಕೈ ಚೆಲ್ಲಿ ಕೂತ್ಕೋತೀಯ ಅಂತ, ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ಳು."

ಮರಳು ಇದ್ದಾಗ ಕಾಣುತ್ತಿತ್ತು. ಸಾಕು ಕಣಯ್ಯ ಎಂದು ಆಪರೇಟರ್ ಅಂದಾಗ ಅವಳು ಇದೇ ಅಡುಗೆಮನೆಯಲ್ಲಿದ್ದಳು. ಕೂಗಿದ್ದರೆ ಬರುತ್ತಿದ್ದಳು. ಒಂದು ಬಲ್ಬಿಗೋಸ್ಕರ ಕೂಗಲಿಲ್ಲ. ಅವನು ತನ್ನ ಹಣೆಯನ್ನು ಗೋಡೆಗೆ ಮೆಲ್ಲಗೆ ಕುಟ್ಟಿಕೊಂಡ. ಶಬ್ದವಾದರೆ ಅವಳಿಗೆ ಕೇಳಿಸೀತೆಂದು ಜೋರಾಗಿ ಕುಟ್ಟಿಕೊಳ್ಳುವುದಕ್ಕೂ ಆಗಲಿಲ್ಲ. ಮಗಳು ಅವನ ತೋಳು ಹಿಡಿದುಕೊಂಡು ಅಳುತ್ತಿದ್ದಳು.

"ಏನ್ರೀ!" ಹಜಾರದಿಂದ ಕರೆ ಬಂತು, ಹುಡುಗಿಯ ದನಿಯಂಥ ದನಿ. "ನೀರು ಕುಡಿಯೋಕೆ ಬಾವಿ ತೋಡ್ತಿದೀರಾ? ಇನ್ನೊಂದ್ಸಲ ಹಾಕ್ರೀ. ಮೊದಲಿಂದ!"

ಅವನು ಮುಖ ತೊಳೆದುಕೊಂಡು ಹೊರಗೆ ಬಂದ. ಅವಳು ಅದೇ ಗೋಡೆಯನ್ನು ನೋಡುತ್ತಾ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮುಂದಿನ ಸಾಲಿನವಳ ಹಾಗೆ ನೆಟ್ಟಗೆ ಕೂತಿದ್ದಳು. ಅವನು ಟೀವಿಯನ್ನು ಅವಳು ನೋಡುತ್ತಿದ್ದ ಕಡೆಗೆ ಸರಿಸಿ, ಮೊದಲಿನಿಂದ ಹಾಕಿದ.